ಮಗುವಿನ ಕಕ್ಕದಲ್ಲಿ ಕಪ್ಪು ದಾರ: ಎದೆಹಾಲು ಬಿಡಿಸಬೇಕಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನ್ನ ಮಗನಿಗೆ ಏಳು ತಿಂಗಳು. ಎದೆಹಾಲಿನ ಜೊತೆ ರಾಗಿ ಸರಿ, ಬಾಳೆಹಣ್ಣು ಶುರು ಮಾಡಿದ್ದೇವೆ. ಎರಡು ದಿನದಿಂದ ಕಕ್ಕದಲ್ಲಿ ಕಪ್ಪು ದಾರದಂಥದ್ದು ಕಾಣುತ್ತಿದೆ. ಆಟ, ಊಟ ಎಲ್ಲ ಸರಿಯಾಗಿದೆ. "ನೀನು ಸಿಹಿ ತಿಂದು ಹಾಲಲ್ಲಿ ಜಂತುಹುಳ ಬಂದಿದೆ" ಅಂತಾರೆ ಅತ್ತೆ. ಹಾಲು ಬಿಡಿಸಿ ಹುಳದ ಔಷಧಿ ಕೊಡಲಾ?
- ಒಬ್ಬ ತಾಯಿ, ಹಾಸನ

ಉತ್ತರ: ಹಾಲು ಬಿಡಿಸಬೇಡಿ ತಾಯಿ. ಔಷಧಿಯನ್ನೂ ಕೊಡಬೇಡಿ.

ಮೊದಲು ಆ ದಾರದ ವಿಷಯ. ಬಾಳೆಹಣ್ಣಿನ ನಡುವಿನ ಸಣ್ಣ ನಾರು ಎಳೆಮಕ್ಕಳಿಗೆ ಪೂರ್ತಿ ಜೀರ್ಣವಾಗುವುದಿಲ್ಲ. ಕಪ್ಪಗೆ, ಕೂದಲೆಳೆಯ ಹಾಗೆ ಹೊರಗೆ ಬರುತ್ತದೆ. ಹೊಸದಾಗಿ ಬಾಳೆಹಣ್ಣು ತಿನ್ನಿಸುವಾಗ ಇದನ್ನು ಕಂಡು ಹೆದರುವವರು ತುಂಬಾ ಜನ. ಜಂತುಹುಳ ಕಪ್ಪಗಿರುವುದಿಲ್ಲ. ದುಂಡುಹುಳ ಬಿಳಿ ಅಥವಾ ತಿಳಿಗುಲಾಬಿ ಬಣ್ಣದ್ದು, ಬೆಳೆದರೆ ಗೇಣುದ್ದ, ಅದಕ್ಕಿಂತ ಜಾಸ್ತಿಯೂ ಇರುತ್ತದೆ. ಸಣ್ಣ ದಾರದಹುಳ ಬೆಳ್ಳಗೆ, ಸುಮಾರು 1 ಸೆಂಟಿಮೀಟರ್, ಮಿಸುಕಾಡುತ್ತಿರುತ್ತದೆ. ಎರಡು ಮೂರು ದಿನ ಬಾಳೆಹಣ್ಣು ನಿಲ್ಲಿಸಿ ನೋಡಿ. ಆಮೇಲೂ ದಾರ ಕಂಡರೆ ಮಲ ಪರೀಕ್ಷೆ ಮಾಡಿಸಿ.

ಸಿಹಿ ತಿಂದರೆ ಹುಳ ಹುಟ್ಟುವುದಿಲ್ಲ. ದುಂಡುಹುಳ ಎದೆಹಾಲಿನಿಂದ ಬರುವುದೂ ಇಲ್ಲ. ಅದರ ಮೊಟ್ಟೆ ಮಲದಿಂದ ಮಣ್ಣು ಸೇರುತ್ತದೆ. ಅಲ್ಲೇ ಎರಡು ಮೂರು ವಾರ ಬಲಿತ ಮೇಲೆ ಕೈಯಿಂದಲೋ ತೊಳೆಯದ ತರಕಾರಿಯಿಂದಲೋ ಬಾಯಿಗೆ ಹೋಗುತ್ತದೆ.

ನಿಜ ಹೇಳಬೇಕೆಂದರೆ, ಈ ವಯಸ್ಸಿನಲ್ಲಿ ನನಗೆ ಜಂತುಹುಳಕ್ಕಿಂತ ಜಿಯಾರ್ಡಿಯಾದ ಚಿಂತೆ ಜಾಸ್ತಿ. ಇದು ಕಣ್ಣಿಗೆ ಕಾಣದ ಪರಾವಲಂಬಿ. ಕೊಳಕು ನೀರಿನಿಂದ ಬರುತ್ತದೆ, ಭೇದಿ ಮಾಡಿಸುತ್ತದೆ, ತೂಕ ಏರಲು ಬಿಡುವುದಿಲ್ಲ. ಇಲ್ಲೇ ನಿಮ್ಮ ಹಾಲು ಕೆಲಸಕ್ಕೆ ಬರುವುದು. ಹಾಲಿನಲ್ಲಿರುವ ಐಜಿಎ ಎಂಬ ಪ್ರತಿಕಾಯಗಳು ಇಂಥ ರೋಗಾಣುಗಳು ಕರುಳಿಗೆ ಅಂಟಿಕೊಳ್ಳದಂತೆ ತಡೆಯುತ್ತವೆ. ಹಾಲಿನ ಕೊಬ್ಬು ಒಡೆದಾಗ ಬರುವ ಆಮ್ಲಗಳು ಜಿಯಾರ್ಡಿಯಾವನ್ನು ಕೊಲ್ಲುವುದನ್ನು ಪ್ರಯೋಗಾಲಯದಲ್ಲಿ ನೋಡಿದ್ದಾರೆ. ಹಾಗಂತ ಪೂರ್ತಿ ರಕ್ಷಣೆ ಸಿಗುತ್ತದೆ ಅಂತಲ್ಲ. ಹೊರಗಿನ ಆಹಾರ, ನೀರು ಶುರುವಾದ ಕೂಡಲೇ ರೋಗಾಣುಗಳಿಗೂ ದಾರಿ ತೆರೆಯುತ್ತದೆ. ಅಂಥ ಹೊತ್ತಲ್ಲೇ ಹಾಲು ಬಿಡಿಸಿದರೆ ಹೇಗೆ? ಎರಡು ವರ್ಷದವರೆಗೆ, ಬೇಕಿದ್ದರೆ ಆಮೇಲೂ ಕುಡಿಸಿ.

ನೀರು ಕುದಿಸಿ ಆರಿಸಿ. ಕಕ್ಕ ತೊಳೆಸಿದ ಮೇಲೆ, ಸರಿ ಕಲಸುವ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ, ಅತ್ತೆಯವರೂ ಅಷ್ಟೇ. ಬಾಟಲಿ ಬೇಡ, ಅದರ ನಿಪ್ಪಲ್ ಶುಚಿ ಮಾಡುವುದು ಕಷ್ಟ. ಒಳಲೆ ಅಥವಾ ಚಮಚ ಸಾಕು.

ಹುಳದ ಔಷಧಿ ಸಾಮಾನ್ಯವಾಗಿ ಒಂದು ವರ್ಷ ತುಂಬಿದ ಮೇಲೆ. ಅಂಗನವಾಡಿಯಲ್ಲಿ ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಅಲ್ಬೆಂಡಜೋಲ್ ಕೊಡುತ್ತಾರೆ. ಒಂದರಿಂದ ಎರಡು ವರ್ಷದವರಿಗೆ 400 ಮಿಲಿಗ್ರಾಂ ಮಾತ್ರೆಯಲ್ಲಿ ಅರ್ಧ, ಪುಡಿ ಮಾಡಿ. ನಿಮಗೇ ಹುಳವಿದ್ದು ವೈದ್ಯರು ಒಂದು ಮಾತ್ರೆ ಬರೆದುಕೊಟ್ಟರೆ, ಅದಕ್ಕಾಗಿ ಹಾಲು ನಿಲ್ಲಿಸಬೇಕಿಲ್ಲ.

ಮಲದಲ್ಲಿ ರಕ್ತ, ಇಡೀ ಮಲವೇ ಟಾರಿನಂತೆ ಕಪ್ಪಗಿರುವುದು, ಪದೇ ಪದೇ ವಾಂತಿ, ಉಚ್ಚೆ ಕಡಿಮೆಯಾಗುವುದು, ಮಗು ಮಂಕಾಗುವುದು - ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಮಕ್ಕಳ ವೈದ್ಯರ ಹತ್ತಿರ ಹೋಗಿ. ಎರಡು ವಾರ ದಾಟಿದ ಭೇದಿಗೂ ಅಷ್ಟೇ. ದಾರಿಯಲ್ಲೂ ಹಾಲು ಕುಡಿಸುತ್ತಿರಿ.