ಮೀಟರ್ 38 ತೋರಿಸಿದರೆ ಬಾವಿ ನೀರು ಕುಡಿಯಬಹುದಾ?

ಆನ್‌ಲೈನ್‌ನಲ್ಲಿ ತರಿಸಿದ ಮೀಟರ್ ನಿಮ್ಮ ಬಾವಿ ನೀರಿಗೆ 38 ತೋರಿಸ್ತಿದೆ, ಹಾಗಾದರೆ ಬ್ಯಾಕ್ಟೀರಿಯಾ ಇಲ್ಲ ಅಂತಲಾ ಎಂದು ಕೇಳಿದ್ದೀರಿ. ಅಲ್ಲ ಮಾರಾಯ್ರೆ. ಅದು ಟಿಡಿಎಸ್ ಮೀಟರ್. ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡಿ, ಕರಗಿದ ಉಪ್ಪಿನಂಶ ಎಷ್ಟಿರಬಹುದು ಅಂತ ಅಂದಾಜು ಹೇಳುತ್ತದೆ. ಕ್ರಿಮಿಯ ಸುದ್ದಿ ಅದಕ್ಕೆ ಗೊತ್ತೇ ಇಲ್ಲ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಇಲ್ಲಿನ ಮುರಕಲ್ಲಿನ (ತೂತು ತೂತಾದ ಕೆಂಪು ಕಲ್ಲು) ಬಾವಿಗಳಲ್ಲಿ ಉಪ್ಪಿನಂಶ ಮೊದಲೇ ಕಡಿಮೆ, ನಮ್ಮ ಬಾವಿಗೂ ಮೀಟರ್ 41 ಅಂತಲೇ ತೋರಿಸಿತ್ತು. ಮಳೆಗಾಲದಲ್ಲಿ ಅದೇ ನೀರನ್ನು ಲ್ಯಾಬಿಗೆ ಕೊಟ್ಟರೆ ಇ. ಕೋಲಿ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಇದೆ ಅಂತ ಬಂತು. ನಂಬಿಕೆಯಾಗದೆ ಒಂದು ಚೆಂಬು ನೀರನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿ, ತಣಿಸಿ ಮೀಟರ್ ಅದ್ದಿದೆ. 44! ಕ್ರಿಮಿ ಸತ್ತಿದೆ, ಅಂಕಿ ಮಾತ್ರ ಮೇಲೆ ಹೋಗಿದೆ. ನೀರು ಸ್ವಲ್ಪ ಆವಿಯಾಗಿ ಹೋಯಿತು, ಉಪ್ಪು ಅಲ್ಲೇ ಉಳಿಯಿತು, ಅಷ್ಟೇ ಕಥೆ.

ಫಿಲ್ಟರ್ ಮಾರುವವರು ಬಂದು ಎರಡು ಗ್ಲಾಸಿಗೆ ಕಂಬಿ ಇಳಿಸಿ ಕರೆಂಟ್ ಕೊಡುತ್ತಾರಲ್ಲ, ಅದಕ್ಕೂ ಮರುಳಾಗಬೇಡಿ. ನಮ್ಮಲ್ಲಿಗೂ ಒಬ್ಬ ಬಂದಿದ್ದ. ಬಾವಿ ನೀರು ಕಂದು ಬಣ್ಣಕ್ಕೆ ತಿರುಗಿತು, ಅವನ ಫಿಲ್ಟರ್ ನೀರು ಹಾಗೇ ಇತ್ತು. ನಾನು ಅವನ ಗ್ಲಾಸಿಗೆ ಒಂದು ಚಿಟಿಕೆ ಉಪ್ಪು ಹಾಕಿ ಇನ್ನೊಮ್ಮೆ ಸ್ವಿಚ್ ಒತ್ತಲು ಹೇಳಿದೆ. ಅದು ಬಾವಿ ನೀರಿಗಿಂತ ಕಪ್ಪಾಯಿತು. ಆ ಬಣ್ಣ ಕಂಬಿಯ ಕಬ್ಬಿಣದ್ದು; ಉಪ್ಪಿದ್ದರೆ ಕರೆಂಟ್ ಹರಿದು ಕಬ್ಬಿಣ ಬಿಡುತ್ತದೆ, ಇಲ್ಲದಿದ್ದರೆ ಇಲ್ಲ. ಚಹಾ ಕುಡಿಯದೆ ಹೋದ ಪಾಪ.

ನಿಜವಾಗಿ ಬ್ಯಾಕ್ಟೀರಿಯಾ ಹಿಡಿಯುವ ಸೆನ್ಸರ್‌ಗಳು ಇಲ್ಲವೇ? ಇವೆ, ಆದರೆ ಕೆಲಸ ಕಷ್ಟದ್ದು. ಕುಡಿಯುವ ನೀರಿಗೆ ನಮ್ಮ ಮಾನದಂಡ ಐಎಸ್ 10500 ಹೇಳುವುದು 100 ಮಿಲಿಯಲ್ಲಿ ಒಂದು ಇ. ಕೋಲಿಯೂ ಸಿಗಬಾರದು ಅಂತ. 100 ಮಿಲಿ ಅಂದರೆ ಸುಮಾರು 2000 ಹನಿ. ಅಷ್ಟು ಹನಿಗಳ ಪೈಕಿ ಎಲ್ಲೋ ಒಂದರಲ್ಲಿ ಒಂದೇ ಒಂದು ಕ್ರಿಮಿ ಇದ್ದರೂ ನೀರು ಫೇಲು. ಸೆನ್ಸರ್‌ನ ಚಿಪ್‌ಗೆ ತಾಗುವುದೋ ಒಂದು ಹನಿ. ಹಾಗಾಗಿ ಒಂದೋ ನೀರನ್ನು ಸೋಸಿ ಕ್ರಿಮಿಗಳನ್ನು ಒಟ್ಟು ಮಾಡಬೇಕು, ಇಲ್ಲಾ ಆಹಾರ ಕೊಟ್ಟು ಬೆಚ್ಚಗಿಟ್ಟು ಗಂಟೆಗಟ್ಟಲೆ ಬೆಳೆಸಬೇಕು. ಬೆಳೆಯುವಾಗ ದ್ರವದಲ್ಲಿ ಕರೆಂಟ್ ಹರಿಯುವ ರೀತಿ ಬದಲಾಗುತ್ತದೆ, ಅದನ್ನು ಅಳೆಯುವ ಯಂತ್ರಗಳಿವೆ. ಆ್ಯಂಟಿಬಾಡಿ (ಕ್ರಿಮಿಯನ್ನು ಗುರುತಿಸಿ ಹಿಡಿದುಕೊಳ್ಳುವ ಪ್ರೋಟೀನ್) ಅಂಟಿಸಿದ ಎಲೆಕ್ಟ್ರೋಡ್ ಬೇಗ ಹೇಳುತ್ತದೆ, ಆದರೆ ಸತ್ತ ಕ್ರಿಮಿಯನ್ನೂ ಹಿಡಿದು ಗಾಬರಿ ಹುಟ್ಟಿಸಬಹುದು. ನನಗೆ ಇಷ್ಟವಾದದ್ದು ಬೆಳಕಿನ ಸೆನ್ಸರ್: 280 ನ್ಯಾನೋಮೀಟರ್ ಸುಮಾರಿನ ಯುವಿ ಬೆಳಕು ಬಿಟ್ಟರೆ ಕೊಳಚೆ ಸೇರಿದ ನೀರು 350ರ ಆಸುಪಾಸಿನಲ್ಲಿ ಸಣ್ಣಗೆ ಹೊಳೆಯುತ್ತದೆ. ಕೆಲವೇ ಸೆಕೆಂಡಿನ ಕೆಲಸ. ಆದರೆ ತೋಟದ ಬಾವಿಯಲ್ಲಿ ಸೊಪ್ಪು ಕೊಳೆತ ಬಣ್ಣ ಇದ್ದರೆ ಅದೂ ಲೆಕ್ಕ ತಪ್ಪಿಸುತ್ತದೆ. ಈ ಸೆನ್ಸರ್ ಅಪಾಯ ಇರಬಹುದು ಅಂತ ಹೇಳುತ್ತದೆ, ಇದೇ ಕ್ರಿಮಿ ಅಂತ ಹೇಳುವುದಿಲ್ಲ.

ಸದ್ಯಕ್ಕೆ ಮನೆಯಲ್ಲೇ ಬ್ಯಾಕ್ಟೀರಿಯಾ ಪರೀಕ್ಷಿಸುವ ಎಚ್‌2ಎಸ್ ಬಾಟಲಿ ತನ್ನಿ. ಗುರುತಿನವರೆಗೆ ನೀರು ತುಂಬಿಸಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಡಿ, ಕಪ್ಪಾದರೆ ಕೊಳಚೆ ಸೇರಿರುವ ಸಾಧ್ಯತೆ ಜಾಸ್ತಿ. ಆಮೇಲೆ ಲ್ಯಾಬಿನವರು ಕೊಡುವ ಸ್ಟೆರೈಲ್ ಬಾಟಲಿಯಲ್ಲೇ ಹಿಡಿದು, ಐಸ್ ಇಟ್ಟು, ಆರು ಗಂಟೆಯೊಳಗೆ ಮುಟ್ಟಿಸಿ. ಮನೆಯಲ್ಲಿದ್ದ ಮಿನರಲ್ ವಾಟರ್ ಬಾಟಲಿ ತೊಳೆದು ಕೊಟ್ಟರೆ ಆಗುವುದಿಲ್ಲ, ನಾನು ಹಾಗೆ ಮಾಡಿ ವಾಪಸ್ ಬಂದವನು. ರಿಪೋರ್ಟ್ ಬರುವ ತನಕ ಕುದಿಸಿ ಕುಡಿಯಿರಿ, ಮತ್ತೆ ಕಕ್ಕಸಿನ ಗುಂಡಿ ಬಾವಿಯಿಂದ ಎಷ್ಟು ದೂರ ಇದೆ ಅಂತ ಟೇಪು ಹಿಡಿದು ಅಳೆಯಿರಿ. ಮುರಕಲ್ಲಿನ ತೂತುಗಳಲ್ಲಿ ಮಳೆನೀರು ಸುಮ್ನೆ ಇಳಿದುಬಿಡುತ್ತದೆ.

ಮೀಟರ್ ಬಿಸಾಡಬೇಡಿ. ನಾನು ಇನ್ವರ್ಟರ್ ಬ್ಯಾಟರಿಗೆ ತಂದ ಡಿಸ್ಟಿಲ್ಡ್ ವಾಟರ್ ನೋಡಲು ಇಟ್ಟುಕೊಂಡಿದ್ದೇನೆ, ಸೊನ್ನೆಯ ಹತ್ತಿರ ಇರಬೇಕಾದದ್ದು ಕಳೆದ ಸಲದ ಕ್ಯಾನಿಗೆ 60 ತೋರಿಸಿತು.