ಸಣ್ಣ ಗಡ್ಡೆಗೂ ಪೂರ್ತಿ ಲೋಬ್ ತೆಗೆಸೋದೇ ಸೇಫ್ ಅಲ್ವಾ?

ಅಪ್ಪನ ಶ್ವಾಸಕೋಶದಲ್ಲಿ 1.6 ಸೆಂ.ಮೀ. ಗಡ್ಡೆ, ಡಾಕ್ಟ್ರು ಒಂದು ಸೆಗ್ಮೆಂಟ್ (ಲೋಬಿನೊಳಗಿನ ಚಿಕ್ಕ ಭಾಗ) ತೆಗೆದರೆ ಸಾಕು ಅಂತಾರೆ, ಜಗಳ ಮಾಡಿಯಾದರೂ ಪೂರ್ತಿ ಲೋಬ್ (ಶ್ವಾಸಕೋಶದ ದೊಡ್ಡ ಭಾಗ) ತೆಗೆಸಬೇಕಾ ಅಂತ ಕೇಳಿದ್ದೀರಿ. 2023ರಲ್ಲಿ ಆ ಜಗಳ ಮಾಡಿದವನು ನಾನು.

ನಮ್ಮದು ಮಂಜೇಶ್ವರ ತಾಲೂಕಿನ ಬಾಯಾರು ಕಡೆ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರೇ ಅಡಿಕೆ ತೋಟಕ್ಕೆ ಆಧಾರ. ಅಪ್ಪನಿಗೆ ಆಗ 68 ವರ್ಷ, ನಲವತ್ತು ವರ್ಷ ಬೀಡಿ ಸೇದಿದ ಎದೆ. ಬೇರೆ ಯಾವುದಕ್ಕೋ ಮಾಡಿಸಿದ ಸಿಟಿ ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದ ಮೇಲಿನ ಲೋಬಿನ ಅಂಚಿಗೆ 1.5 ಸೆಂ.ಮೀ. ಗಡ್ಡೆ ಕಂಡಿತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಪೆಟ್ ಸ್ಕ್ಯಾನಿನಲ್ಲಿ ಬೇರೆಲ್ಲೂ ಏನೂ ಇರಲಿಲ್ಲ.

ಮಂಗಳೂರಿನ ಸರ್ಜನ್ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಬಲಗಡೆ 3 ಲೋಬ್, ಅವುಗಳಲ್ಲಿ ಒಟ್ಟು 10 ಸೆಗ್ಮೆಂಟ್. ಒಂದು ಸೆಗ್ಮೆಂಟ್ ತೆಗೆದರೂ ಆಗುತ್ತೆ, ಲೋಬ್ ತೆಗೆದರೂ ಆಗುತ್ತೆ ಅಂದರು. ಆಮೇಲೆ ಪೆನ್ನು ಕೆಳಗಿಟ್ಟು ಅಪ್ಪನನ್ನು ಕೇಳಿದರು: "ಮನೇಲಿ ಏನೇನು ಕೆಲಸ ಮಾಡ್ತೀರಿ?"

ಅಪ್ಪ ಬಾಯಿ ತೆಗೆಯುವ ಮೊದಲೇ ನಾನಂದೆ: "ಏನೂ ಇಲ್ಲ ಡಾಕ್ಟ್ರೇ, ಸುಮ್ನೆ ಕೂತಿರ್ತಾರೆ. ನೀವು ಪೂರ್ತಿ ಲೋಬ್ ತೆಗೀರಿ."

ನನ್ನ ತಪ್ಪು ಆ ಉತ್ತರ. ಡಾಕ್ಟ್ರು ಕುಶಲ ಕೇಳಿದ್ದಲ್ಲ. ಈ ಮನುಷ್ಯನಿಗೆ ಎಷ್ಟು ಉಸಿರು ಬೇಕು ಅಂತ ಕೇಳಿದ್ದು. ಅಪ್ಪ ವರ್ಷವರ್ಷ ಗುಡ್ಡ ಹತ್ತಿ, ಸುರಂಗದೊಳಗೆ ಬಗ್ಗಿ ನಡೆದು, ಕೂತ ಮಣ್ಣನ್ನು ಬುಟ್ಟಿಯಲ್ಲಿ ಹೊರಗೆ ತರುತ್ತಿದ್ದರು. ಅದು ಗೊತ್ತಾಗಿದ್ದರೆ ಡಾಕ್ಟ್ರ ಲೆಕ್ಕವೇ ಬೇರೆ ಇರುತ್ತಿತ್ತು. ಉಸಿರಿನ ಟೆಸ್ಟಿನಲ್ಲಿ ಲೋಬ್ ತೆಗೆದರೆ ತಡೆದುಕೊಳ್ಳುತ್ತಾರೆ ಅಂತ ಬಂದಿತ್ತು, ನಿಜ. ಕೂತಿರುವವರಿಗೆ ತಡೆಯುತ್ತೆ. ಗುಡ್ಡ ಹತ್ತುವವರಿಗೆ? ಆ ಪ್ರಶ್ನೆಯನ್ನೇ ನಾನು ಕೊಂದುಹಾಕಿದೆ. ಅಪ್ಪ ನನ್ನ ಮುಖ ನೋಡಿ ಸುಮ್ಮನಾದರು.

ಪೂರ್ತಿ ಲೋಬ್ ತೆಗೆದರು. ಕ್ಯಾನ್ಸರ್ ಮರಳಿಲ್ಲ. ಆದರೆ ಅಪ್ಪ ತೋಟದ ಅರ್ಧಕ್ಕೇ ನಿಂತು ಅಡಿಕೆ ಮರ ಹಿಡಿದುಕೊಳ್ಳುತ್ತಾರೆ. ಮಣ್ಣು ತೆಗೆಯಲು ನಾನು ಹೋಗುತ್ತೇನೆ. ಕೆಳಗಿಂದ ಕೂಗಿ ಹೇಳುತ್ತಾರೆ, ಎಡಕ್ಕೆ ಜಾಸ್ತಿ ಕೂತಿರುತ್ತೆ ನೋಡು ಅಂತ.

ಕಡಿಮೆ ತೆಗೆದರೆ ಅರೆಬರೆ ಚಿಕಿತ್ಸೆ ಅನ್ನುವುದನ್ನು ಮೊದಲು ತಲೆಯಿಂದ ತೆಗೆಯಿರಿ. ಆ ನಂಬಿಕೆಗೆ ಕಾರಣ ಇತ್ತು. 1995ರ ಅಧ್ಯಯನದಲ್ಲಿ ಕಡಿಮೆ ತೆಗೆಸಿಕೊಂಡವರಿಗೆ ಅದೇ ಕಡೆ ಮತ್ತೆ ಬಂದದ್ದು ಸುಮಾರು ಮೂರು ಪಟ್ಟು. ಆದರೆ ಅದರಲ್ಲಿ 3 ಸೆಂ.ಮೀ. ವರೆಗಿನ ಗಡ್ಡೆಗಳೂ ಇದ್ದವು. 2022ರಲ್ಲಿ ಜಪಾನಿನಿಂದ 1106 ಜನರ ಅಧ್ಯಯನ ಬಂತು. ಎಲ್ಲರದೂ 2 ಸೆಂ.ಮೀ. ಒಳಗಿನ, ಅಂಚಿನ ಗಡ್ಡೆ. 5 ವರ್ಷಕ್ಕೆ ಬದುಕಿದ್ದವರು ಸೆಗ್ಮೆಂಟ್ ತೆಗೆದವರಲ್ಲಿ ಶೇ. 94.3, ಲೋಬ್ ತೆಗೆದವರಲ್ಲಿ ಶೇ. 91.1. ಅದೇ ಕಡೆ ಮತ್ತೆ ಬರುವುದು ಸೆಗ್ಮೆಂಟಿನವರಿಗೇ ಜಾಸ್ತಿ, ಶೇ. 10.5; ಲೋಬಿನವರಿಗೆ ಶೇ. 5.4. ಹಾಗಾಗಿ ಆಮೇಲೆ ಸ್ಕ್ಯಾನ್ ತಪ್ಪಿಸುವಂತಿಲ್ಲ.

ಜಗಳವೇ ಮಾಡಬೇಕೆಂದಿದ್ದರೆ ಇದಕ್ಕೆ ಮಾಡಿ: ಆಪರೇಷನ್ ನಡೆಯುವಾಗಲೇ ಲಿಂಫ್ ನೋಡ್ (ಕ್ಯಾನ್ಸರ್ ಮೊದಲು ಹರಡಬಹುದಾದ ಸಣ್ಣ ಗ್ರಂಥಿಗಳು) ತೆಗೆದು ಪರೀಕ್ಷೆಗೆ ಕಳಿಸ್ತೀರಾ? ಗಡ್ಡೆಯ ಸುತ್ತ ಒಳ್ಳೆಯ ಭಾಗ ಎಷ್ಟು ಸೇರಿಸಿ ಕತ್ತರಿಸ್ತೀರಿ? ಲಿಂಫ್ ನೋಡಿನಲ್ಲಿ ಕ್ಯಾನ್ಸರ್ ಸಿಕ್ಕರೆ ಅಥವಾ ಸುತ್ತಲಿನ ಭಾಗ ಸಾಲದಿದ್ದರೆ ಅಲ್ಲೇ ಲೋಬ್ ತೆಗೀತೀರಾ? ಇದಕ್ಕೆಲ್ಲ ನೇರ ಉತ್ತರ ಬಂದರೆ, ನಾನಾದರೆ ಸೆಗ್ಮೆಂಟಿಗೆ ಸಹಿ ಹಾಕುತ್ತೇನೆ.

ಡಾಕ್ಟ್ರು ಅಪ್ಪನ ಕಡೆ ತಿರುಗಿ ಏನಾದರೂ ಕೇಳಿದಾಗ ನೀವು ಉತ್ತರ ಕೊಡಬೇಡಿ. ಅವರು ಹುಡುಕಿ ಹುಡುಕಿ ಮಾತಾಡಲಿ, ಹೊರಗೆ ಎಷ್ಟೇ ಜನ ಕಾಯುತ್ತಿರಲಿ.