ಮೂರು ಇಂಚಿನ ಆಸ್ಕರ್‌ಗೆ ನಾಲ್ಕಡಿ ಟ್ಯಾಂಕ್ ಯಾಕೆ?

ಪ್ರಶ್ನೆ: ಮೂರು ಇಂಚಿನ ಆಸ್ಕರ್ ಮೀನು ತಂದು ಎರಡಡಿ ಟ್ಯಾಂಕಿನಲ್ಲಿ ಬಿಟ್ಟಿದ್ದೇನೆ. ‘ಟ್ಯಾಂಕ್ ಎಷ್ಟಿರುತ್ತೋ ಮೀನು ಅಷ್ಟೇ ಬೆಳೆಯೋದು’ ಎಂದರು ಮಾರಿದವರು. ನಿಜವೇ? ದೊಡ್ಡದು ಕೊಳ್ಳಲೇಬೇಕೆಂದರೆ ಯಾವ ಅಳತೆಯದು? ಹೇಗೆ ಜೋಡಿಸಲಿ? ತಿನ್ನಲು ಗೋಲ್ಡ್‌ಫಿಶ್ ಮರಿ ಹಾಕುತ್ತಿದ್ದೇನೆ. ಜೊತೆಗೊಂದು ಅರೋವನಾ ಮೀನು ಬಿಡುವ ಆಸೆಯೂ ಇದೆ.
– ಹೆಸರು ಬೇಡ ಎಂದ ಓದುಗರು

ಉತ್ತರ: ಈ ಮಾತನ್ನು ನನಗೂ ಹೇಳಿದ್ದರು, ನಾನೂ ನಂಬಿದ್ದೆ. ನನ್ನ ಮೊದಲ ಆಸ್ಕರ್ ಹತ್ತು ತಿಂಗಳು ಎರಡೂವರೆ ಅಡಿ ಟ್ಯಾಂಕಿನಲ್ಲಿತ್ತು. ಕೊನೆಕೊನೆಗೆ ತಿರುಗಬೇಕಾದರೆ ಬಾಲವನ್ನು ಗಾಜಿಗೆ ಒತ್ತಿ ಮೈಯನ್ನು ಬಿಲ್ಲಿನ ಹಾಗೆ ಬಗ್ಗಿಸುತ್ತಿತ್ತು. ಅದನ್ನು ನೋಡಿದ ಮೇಲೆ ನನಗೆ ಬುದ್ಧಿ ಬಂತು. ಚಿಕ್ಕ ಟ್ಯಾಂಕಿನ ಗಲೀಜು ನೀರಿನಲ್ಲಿ ಮೀನು ಸೊರಗುತ್ತದೆ, ಕಾಯಿಲೆ ಬೀಳುತ್ತದೆ, ಬೇಗ ಸಾಯುತ್ತದೆ. ಅದಕ್ಕೆ ‘ಅಷ್ಟೇ ಬೆಳೆಯೋದು’ ಅಂತ ಹೆಸರಿಟ್ಟಿದ್ದಾರೆ ಅಷ್ಟೇ. ಚೆನ್ನಾಗಿ ಸಾಕಿದರೆ ಆಸ್ಕರ್ 10 ವರ್ಷಕ್ಕೂ ಜಾಸ್ತಿ ಬದುಕುತ್ತದೆ.

ನಿಮ್ಮ ಮೂರು ಇಂಚಿನ ಮರಿ ಈಗ ತಿಂಗಳಿಗೆ ಹೆಚ್ಚುಕಡಿಮೆ ಒಂದು ಇಂಚು ಬೆಳೆಯುತ್ತದೆ. ಪೂರ್ತಿ ಬೆಳೆದಾಗ 30 ಸೆಂ.ಮೀ. ಇರುತ್ತದೆ, ಅಂದರೆ ಶಾಲೆ ಮಕ್ಕಳ ಸ್ಕೇಲಿನಷ್ಟು ಉದ್ದ. ಹಾಗಾಗಿ ಟ್ಯಾಂಕ್ ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ನೆಲದ ಮೇಲೆ ಟ್ಯಾಂಕಿನ ತಳದ ಅಳತೆಗೆ ಪೇಪರ್ ಹಾಸಿ, ಮೇಲೆ ಸ್ಕೇಲ್ ಇಟ್ಟು ಗುಂಡಗೆ ತಿರುಗಿಸಿ. ಅಗಲ ಒಂದಡಿ ಇದ್ದರೆ ಸ್ಕೇಲಿನ ಎರಡೂ ತುದಿ ಅಂಚಿಗೆ ತಾಗುತ್ತವೆ. ಒಂದೂವರೆ ಅಡಿಯಲ್ಲಿ ಹೇಗೋ ತಿರುಗುತ್ತದೆ. ಎರಡಡಿಯಲ್ಲಿ ಆರಾಮ.

ಜನ ಉದ್ದ ಕೇಳುತ್ತಾರೆ, ಎತ್ತರ ಕೇಳುತ್ತಾರೆ, ಅಗಲ ಯಾರೂ ಕೇಳುವುದಿಲ್ಲ. ಈ ಮೀನಿಗೆ ಬೇಕಾಗಿರುವುದು ಅದೇ. ನಾನು ಹೇಳುವುದು ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಸ್ವಲ್ಪ ಖಾಲಿ ಬಿಟ್ಟು ತುಂಬಿದರೂ 400 ಲೀಟರ್ ನೀರು ಹಿಡಿಯುತ್ತದೆ. ನಿಮ್ಮ ಈಗಿನ ಟ್ಯಾಂಕ್ ಅಗಲ, ಎತ್ತರ ಎರಡೂ ಒಂದೊಂದು ಅಡಿಯದಾದರೆ ಅಂಚಿನವರೆಗೆ ತುಂಬಿದರೂ 56 ಲೀಟರ್ ಮಾತ್ರ.

ಇನ್ನು ಭಾರ. ಒಂದು ಲೀಟರ್ ನೀರು ಒಂದು ಕೆ.ಜಿ. ಗಾಜು, ಸ್ಟ್ಯಾಂಡ್ ಸೇರಿದರೆ 500 ಕೆ.ಜಿ. ದಾಟುತ್ತದೆ. ತುಂಬಿದ ಮೇಲೆ ಅಲ್ಲಾಡಿಸುವ ಮಾತೇ ಇಲ್ಲ. ಸ್ಟ್ಯಾಂಡ್ ಮೇಲೆ ರಸಮಟ್ಟ ಇಟ್ಟು ನಾಲ್ಕೂ ಕಡೆ ನೋಡಿ. ಸ್ಟ್ಯಾಂಡಿಗೂ ಗಾಜಿನ ತಳಕ್ಕೂ ನಡುವೆ ಥರ್ಮೋಕೋಲ್ ಹಾಸಿ. ಒಂದು ಮೂಲೆಯ ಕೆಳಗೆ ಸಣ್ಣ ಕಲ್ಲು ಸಿಕ್ಕಿಕೊಂಡರೂ ಗಾಜು ಬಿರುಕು ಬಿಡಬಹುದು.

ಒಳಗಿನ ಅಲಂಕಾರಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಆಸ್ಕರ್‌ಗೆ ತನ್ನ ಮನೆ ತಾನೇ ಜೋಡಿಸುವ ಹುಚ್ಚು. ನಾನು ನೆಟ್ಟ ಗಿಡಗಳು ಬೆಳಗಾಗುವಷ್ಟರಲ್ಲಿ ತೇಲುತ್ತಿದ್ದವು. ಒಂದು ರಾತ್ರಿ ‘ಟಕ್, ಟಕ್’ ಸದ್ದಾಯಿತು. ಹೋಗಿ ನೋಡಿದರೆ ಗೋಲಿಯಷ್ಟು ಕಲ್ಲನ್ನು ಬಾಯಲ್ಲಿ ಎತ್ತಿ ಗಾಜಿಗೆ ಉಗುಳುತ್ತಿದೆ! ಮಾರನೇ ವಾರ ಗಾಜಿನ ಹೀಟರ್‌ಗೆ ಗುದ್ದಿ ಅದನ್ನೂ ಒಡೆಯಿತು. ಪ್ಲಗ್ ಕೀಳದೆ ನೀರಿಗೆ ಕೈ ಹಾಕಲು ಹೊರಟಿದ್ದೆ, ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹೀಟರ್‌ಗೆ ಪ್ಲಾಸ್ಟಿಕ್ ಜಾಲರಿ ಕವಚ ಹಾಕಿ, ನೀರು 25ರಿಂದ 28 ಡಿಗ್ರಿ ಇರಲಿ. ತಳಕ್ಕೆ ತೆಳುವಾಗಿ ಮರಳು, ಒಂದು ದೊಡ್ಡ ಮರದ ಬೇರು, ಸಾಕು. ಮೇಲೆ ಭಾರದ ಮುಚ್ಚಳ ಇರಲಿ, ಹಾರುವ ಮೀನು ಇದು.

ಫಿಲ್ಟರ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ದೊಡ್ಡ ಬಾಯಿ ಅಂದರೆ ದೊಡ್ಡ ಗಲೀಜು. ಗಂಟೆಗೆ 2000 ಲೀಟರ್ ತಿರುಗಿಸುವ ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗೆ ಇಡುವ ಡಬ್ಬಿಯಂಥ ಫಿಲ್ಟರ್) ಹುಡುಕಿ. ಮೀನಿನ ಹೇಲುಚ್ಚೆಯಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಫಿಲ್ಟರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಆಮೇಲೆ ನೈಟ್ರೇಟ್ ಆಗುತ್ತದೆ, ಇದರ ಕಾಟ ಕಡಿಮೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ನಿಮಗೊಂದು ಅನುಕೂಲ ಇದೆ: ಹಳೇ ಟ್ಯಾಂಕಿನ ಫಿಲ್ಟರ್ ಸ್ಪಂಜನ್ನು ಹೊಸ ಫಿಲ್ಟರ್ ಒಳಗೆ ತುರುಕಿ. ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತವೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇದೆಯೇ ಎಂದು ಟೆಸ್ಟ್ ಕಿಟ್‌ನಲ್ಲಿ ಆಗಾಗ ನೋಡಿ. ನೈಟ್ರೇಟ್ ಇಳಿಸಲು ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿ, ಹೊಸ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ. ಬೇಜಾರಿನ ಕೆಲಸ, ಆದರೆ ಬೇರೆ ದಾರಿಯಿಲ್ಲ.

ಗೋಲ್ಡ್‌ಫಿಶ್ ಮರಿ ಇವತ್ತೇ ನಿಲ್ಲಿಸಿ. ಅದರಲ್ಲಿ ಥಯಾಮಿನೇಸ್ ಎಂಬ ಅಂಶ ಇದೆ, ಅದು ಬಿ1 ವಿಟಮಿನ್ ಹಾಳು ಮಾಡುತ್ತದೆ. ಮರಿಗಳ ಜೊತೆ ರೋಗವೂ ಬರುತ್ತದೆ. ದೊಡ್ಡ ಮೀನಿಗೆಂದೇ ಸಿಗುವ ಪೆಲೆಟ್ (ಒಣ ಗುಳಿಗೆ ಆಹಾರ) ಸಾಕು, ನಡುನಡುವೆ ಸೀಗಡಿ ಕೊಡಿ. ಒಂದೆರಡು ದಿನ ಮುಖ ತಿರುಗಿಸಿದರೂ ಹಸಿವಾದಾಗ ತಿನ್ನುತ್ತದೆ.

ಅರೋವನಾ ಬೇಡ. ಸಿಲ್ವರ್ ಅರೋವನಾ 90 ಸೆಂ.ಮೀ.ವರೆಗೆ ಬೆಳೆಯುತ್ತದೆ. ಎರಡಡಿ ಅಗಲದಲ್ಲಿ ಅದನ್ನು ಎಲ್ಲಿ ತಿರುಗಿಸುತ್ತೀರಿ?

ಇನ್ನೊಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮತ್ತೆ ಪತ್ರ ಬರೆಯುತ್ತೀರಿ. ಹೊಸ ಟ್ಯಾಂಕಿಗೆ ಬಿಟ್ಟ ದಿನ ಆಸ್ಕರ್ ಬಣ್ಣ ಕಪ್ಪಾಗಿಸಿಕೊಂಡು ತಳದಲ್ಲಿ ಮಗ್ಗುಲಾಗಿ ಮಲಗಬಹುದು. ಸತ್ತೇ ಹೋಯಿತು ಅಂದುಕೊಂಡು ನಾನು ಬಲೆ ತಂದಿದ್ದೆ, ಅದು ಕಣ್ಣು ಹೊರಳಿಸಿ ನನ್ನನ್ನೇ ನೋಡಿತು. ಮುನಿಸು ಅಷ್ಟೇ. ಕಿವಿರು ನಿಧಾನವಾಗಿ ಆಡುತ್ತಿದ್ದು, ನೀರಿನ ಪರೀಕ್ಷೆಯೂ ಸರಿ ಇದ್ದರೆ ಲೈಟ್ ಆರಿಸಿ, ಒಂದು ದಿನ ಅದರ ಪಾಡಿಗೆ ಬಿಟ್ಟುಬಿಡಿ.